ಎರಡು ಮಗ್ಗುಲಿನ ಕೋಟು

ಫೈನಲ್ ಪಂದ್ಯಕ್ಕೆಂದು ಮಗಳು ದರ್ಜಿಯಾದ ನನ್ನಿಂದ ಕೋಟು ಹೊಲಿಸಿಕೊಂಡಳು. ಹೊರಗೆ ನಮ್ಮ ದೇಶದ ಬಾವುಟ, ಒಳಗೆ ಅಕ್ಕಪಕ್ಕದ ದೇಶಗಳೆಲ್ಲ ಸೇರಿದ ಒಕ್ಕೂಟದ್ದು.

“ಯಾವುದಾದ್ರೂ ಒಂದು ಕಡೆ ಇರೇ!” ಎಂದೆ.

“ಯಾಕಪ್ಪಾ? ನಿಂಗೆ ಮಗಳಾಗಿದ್ಕೊಂಡೇ ಅಜ್ಜಂಗೆ ಮೊಮ್ಮಗಳಾಗಿಲ್ವಾ?”

ಪಕ್ಕದ ದೇಶದೆದುರು ಸೋತೆವು. ಹಿಂದೊಮ್ಮೆ ಹೀಗೇ ಸೋತಾಗ ನಮ್ಮಪ್ಪ ಟೀವಿಯನ್ನು ಹಿತ್ತಲಲ್ಲಿ ಹೂತುಬಿಟ್ಟಿದ್ದ. ಮಳೆ ಬಂದಾಗಲೆಲ್ಲ ನೆಲದೊಳಗಿಂದ ಕಾಮೆಂಟರಿ ಕೇಳುತ್ತಿತ್ತು. ಈಗ ಹೊಸ ಟೀವಿಯನ್ನು ದುರುಗುಟ್ಟಿ ನೋಡಿ ಗುದ್ದಲಿ ಎತ್ತಿಕೊಂಡ.

ಮಗಳು ಥಟ್ಟನೆ ಕೋಟಿನ ಒಳಮಗ್ಗುಲು ಹೊರಗೆ ಬರುವಂತೆ ತಿರುಗಿಸಿ ತೊಟ್ಟು ಅಡ್ಡ ನಿಂತಳು. “ಅಜ್ಜಾ, ಅವರೂ ನಮ್ಮ ಒಕ್ಕೂಟದವರೇ. ಕಪ್ ಮನೇಲೇ ಉಳೀತಲ್ಲ!”

ಅಪ್ಪ ಯೋಚಿಸಿ ಗುದ್ದಲಿ ಕೆಳಗಿಟ್ಟ. ತನ್ನ ಕೋಟು ಬಿಚ್ಚಿ ನನ್ನತ್ತ ಎಸೆದ.

“ನಂಗೂ ಒಳಗಡೆ ಆ ಒಕ್ಕೂಟದ ಬಾವುಟ ಹೊಲಿಯೋ. ಆದ್ರೆ ನಾವು ಗೆದ್ದ ದಿನ ಅದರ ಒಂದೆಳೆನೂ ಹೊರಗೆ ಕಾಣಬಾರ್ದು, ನೋಡು!”