ಗುರುವಾರಕ್ಕೆ ಜಿಗಿದ ಕಂಪ್ಯೂಟರ್

ಕುರುಗೋಡಿನಿಂದ ದುರುಗಮ್ಮ ಚಿಕ್ಕಮ್ಮ ಫೋನ್ ಮಾಡಿ, ಮನೆಖರ್ಚಿನ ಲೆಕ್ಕ ಇಡುವ ಸಾಫ್ಟ್‌ವೇರು ಅಪ್‌ಡೇಟ್ ಆಗದೆ ಅರ್ಧಕ್ಕೇ ನಿಂತಿದೆ ಎಂದಳು. ನಾನು ಬಳ್ಳಾರಿಯಲ್ಲಿ ಕಂಪ್ಯೂಟರ್ ರಿಪೇರಿ ಮಾಡುವವಳು. ಗೊಣಗುತ್ತಲೇ ಅಂಗಡಿಗೆ ಬೀಗ ಹಾಕಿ ಬಸ್ ಹತ್ತಿದೆ.

ಹೋಗಿ ನೋಡಿದರೆ ಅವಳ ಕಂಪ್ಯೂಟರಿನಲ್ಲಿ ಆಗಲೇ ಗುರುವಾರ. ಹೊರಗೆ ಇಡೀ ಊರಿಗೆ ಮಂಗಳವಾರ.

“ಚಿಕ್ಕಮ್ಮ, ತಾರೀಖು ಯಾರು ಬದಲಿ ಮಾಡ್ಯಾರ?”

“ನಾನ ಮಾಡೀನಿ. ಮಂಗಳವಾರ ಹೊಸಾದು ಏನೂ ಶುರು ಮಾಡಬಾರದಲ್ಲ, ಅದಕ್ಕ ಗುರುವಾರ ಇಟ್ಟೆ.”

ನನಗೆ ಸಿಟ್ಟು, ನಗು ಎರಡೂ ಒಟ್ಟಿಗೇ ಬಂದವು.

“ತಾರೀಖು ಸುಳ್ಳಾದ್ರ ಹಿಂಗ ಅರ್ಧ ದಾರ್ಯಾಗ ನಿಂದರತೈತಿ! ಇದು ಹೊಸಾದಲ್ಲ, ಹಳೇದನ್ನ ರಿಪೇರಿ ಮಾಡೋದು ಅಷ್ಟ,” ಎಂದು ರೇಗಿದೆ. ಅರ್ಧ ಡೌನ್‌ಲೋಡ್ ಆಗಿದ್ದ ಫೈಲು ಅಳಿಸಿ, ತಾರೀಖು ಸರಿಪಡಿಸಿ, ಮತ್ತೆ ಅಪ್‌ಡೇಟ್ ಒತ್ತಿದೆ. ಚಹಾ ಆರುವಷ್ಟರಲ್ಲಿ ಮುಗಿಯಿತು. ಹಾಲು, ಗ್ಯಾಸು, ಕರೆಂಟ್ ಬಿಲ್ಲು, ಎಲ್ಲ ಲೆಕ್ಕವೂ ಇದ್ದಲ್ಲೇ ಇತ್ತು.

ಚೀಲ ಹೆಗಲಿಗೇರಿಸಿದೆ. ಚಿಕ್ಕಮ್ಮ ಬಾಗಿಲಿಗೆ ಅಡ್ಡ ನಿಂತಳು.

“ಮಂಗಳವಾರ ಮನಿ ಮಗಳನ್ನ ಕಳಸಬಾರದು. ನಾಳೆ ಹೋದ್ರಾತು.”

“ಅಂಗಡಿ ಮುಚ್ಚಿ ಬಂದೀನಿ!” ಎಂದವಳೇ ಕಂಪ್ಯೂಟರಿನ ತಾರೀಖನ್ನು ಮತ್ತೆ ಮುಂದಕ್ಕೆ ಹಾಕಿ ತೋರಿಸಿದೆ. “ನೋಡು, ಗುರುವಾರ ಆತು. ಬಿಡು ನನ್ನ.”

ಚಿಕ್ಕಮ್ಮ ಕನ್ನಡಕ ಏರಿಸಿ ನೋಡಿದಳು. ನನ್ನ ಚೀಲ ಕಸಿದುಕೊಂಡು ಅಡುಗೆಮನೆಯತ್ತ ನಡೆದಳು.

“ತಾರೀಖು ಸುಳ್ಳಾದ್ರ ಅರ್ಧ ದಾರ್ಯಾಗ ನಿಂದರತೈತಿ ಅಂತ ನೀನ ಹೇಳ್ದಿ. ನಿನ್ನ ಬಸ್ಸೂ ಹಂಗ ನಿಂತ್ರ ಏನ್ ಮಾಡ್ತಿ? ಕೈಕಾಲು ತೊಳಕೊ, ರೊಟ್ಟಿ ಬಡೀತೀನಿ.”