ಪತ್ರೊಡೆಯ ಗಾಡಿ

ನೀರು ಬರುವುದು ಬೆಳಿಗ್ಗೆ ಐದೂಮುಕ್ಕಾಲರಿಂದ ಆರೂವರೆಯವರೆಗೆ. ಡೊಂಬಿವಲಿ ಪೂರ್ವದ ಆ ಒಂಟಿಕೋಣೆ ಮನೆಗಳ ಚಾಳಿನಲ್ಲಿ ಹನ್ನೊಂದು ಮನೆಗೆ ಒಂದೇ ನಲ್ಲಿ. ಒಬ್ಬರು ಪೈಪು ಕಿತ್ತ ಕೂಡಲೇ ಇನ್ನೊಬ್ಬರು ಸಿಕ್ಕಿಸಬೇಕು. ಒಂದು ನಿಮಿಷ ತಡವಾದರೆ ಆ ದಿನದ ಸ್ನಾನ ಹೋಯಿತು. ಕಾರ್ಖಾನೆಯ ಕಡೆಯಿಂದ ಗಾಳಿ ಬೀಸಿದರೆ ಬಾಯಿಗೆ ಹಾಕುವ ನೀರಿಗೂ ಮದ್ದಿನ ವಾಸನೆ.

ಪ್ರಫುಲ್ಲಾ ಮೊದಲನೆಯ ಡ್ರಮ್ಮು ತುಂಬಿಸಿ ಎರಡನೆಯದಕ್ಕೆ ಪೈಪು ಇಳಿಬಿಟ್ಟಿದ್ದಳು ಅಷ್ಟೆ. ಚಾಳಿನ ಬಾಯಲ್ಲಿ ಬಿಳಿ ಕಾರು ನಿಂತಿತು. ರಘುಪತಿ ಧಣಿ ಇಳಿದರು. ಠಾಣೆ ಪಟ್ಟಣದ ಪೇಟೆಯಲ್ಲಿ ಎರಡು, ಅದೇ ಊರಿನ ಮಾಜಿವಾಡಾದಲ್ಲಿ ಒಂದು ಹೋಟೆಲು ಅವರದ್ದು. ಊರಿಂದ ಬಂದ ಕನ್ನಡದವರ ಸಂಘಕ್ಕೆ ಅವರೇ ಅಧ್ಯಕ್ಷರು. ಪ್ರಫುಲ್ಲಾಳ ಗಂಡ ಲೀಲಾಧರ ಹದಿನಾರು ವರ್ಷದಿಂದ ಅವರ ಮಾಜಿವಾಡಾದ ಹೋಟೆಲಿನಲ್ಲಿ ದೋಸೆಕಲ್ಲಿನ ಮುಂದೆ ಬೇಯುತ್ತಿದ್ದವನು.

"ಪೈಪು ಬಿಟ್ಟು ಬಾ. ಒಂದು ಮಾತುಂಟು."

ಧಣಿ ಕರೆದ ಮೇಲೆ ಬಿಡದೆ ಇರುವುದು ಹೇಗೆ? ಅವಳು ಸೆರಗಿಗೆ ಕೈ ಒರೆಸಿಕೊಂಡು ಹೋದಳು. ಹಿಂದೆ ಕಾಯುತ್ತಿದ್ದವರು ಪೈಪು ಕಿತ್ತರು.

"ಭಾನುವಾರ ನಮ್ಮ ಖಾದ್ಯೋತ್ಸವ. ಸ್ಪರ್ಧೆಗೆ ಮೂವತ್ತು ತುಂಡು ಸಾಕು ಅಂತ ಚೀಟಿಯಲ್ಲಿ ಬರೆದದ್ದು ಬೇರೆಯವರಿಗೆ. ನೀನು ಮುನ್ನೂರು ಪತ್ರೊಡೆ ಮಾಡು."

"ಮುನ್ನೂರಾ ಧಣಿ? ಅಷ್ಟು ಕೆಸುವಿನ ಎಲೆ ಎಲ್ಲಿಂದ ತರಲಿ?"

ಧಣಿ ಆಚೀಚೆ ನೋಡಿ ಸ್ವರ ತಗ್ಗಿಸಿದರು. "ಫುಡ್ ಟ್ರಕ್ ಬಂದಿದೆ. ಹೊಸದು. ಇಲ್ಲಿಂದ ಕಲ್ಯಾಣದವರೆಗೆ ಎಲ್ಲಿ ಮೇಳ ಆದರೂ ನಮ್ಮ ಗಾಡಿ ಹೋಗಿ ನಿಲ್ಲುತ್ತದೆ. ಗೆದ್ದವರಿಗೆ ಒಂದು ವರ್ಷ ಅದನ್ನು ನಡೆಸಲಿಕ್ಕೆ ಕೊಡುವುದು. ನಾನು ನಿಶ್ಚಯ ಮಾಡಿಯಾಗಿದೆ. ಗಾಡಿ ನಿನಗೇ. ಆದರೆ ಬಂದ ಜನಕ್ಕೆ ನಿನ್ನ ಕೈ ಗೊತ್ತಾಗಬೇಕಲ್ಲ, ಅದಕ್ಕೆ ಮುನ್ನೂರು. ಯಾರಿಗೂ ಹೇಳಬೇಡ. ಬಾಕಿಯವರಿಗೆ ಹೊಟ್ಟೆ ಉರಿ. ಸುದ್ದಿಯಾದರೆ ಮತ್ತೆ ನನಗೆ ಕೊಡಲಿಕ್ಕಾಗುವುದಿಲ್ಲ."

ಕಾರು ಹೋಯಿತು. ನಲ್ಲಿ ಬುಸ್ಸೆಂದು ಗಾಳಿ ಉಗುಳಿ ನಿಂತಿತು. ಎರಡನೆಯ ಡ್ರಮ್ಮಿನ ತಳದಲ್ಲಿ ನಾಲ್ಕು ಬೆರಳು ನೀರು.

ಚಾಳಿನ ಬಾಯಿಗೇ ಹತ್ತಿದ ಅವರ ಮನೆಯ ಹೊಸ್ತಿಲಲ್ಲಿ ಬ್ರಶ್ಶು ಬಾಯಲ್ಲಿಟ್ಟುಕೊಂಡು ಒಂಬತ್ತು ವರ್ಷದ ಮಗಳು ಪೂಜಿತಾ ನಿಂತಿದ್ದಳು. "ಮಮ್ಮೀ, ಗಾಡಿ ನಮ್ಗೆ ಕೊಡ್ತಾರಾ? ಸಚ್ಚೀ?"

"ಬಾಯಿ ಮುಚ್ಚು ಮಗಾ. ಯಾರ ಹತ್ರವೂ ಹೇಳಬಾರದು. ನಿಕಿತಾಳ ಹತ್ರವೂ."

ನಿಕಿತಾ ಎಂದರೆ ಪಕ್ಕದ ಕೋಣೆಯ ಭೀಮಮ್ಮನ ಮೊಮ್ಮಗಳು. ಪೂಜಿತಾಳ ಜೊತೆ ಒಂದೇ ಬೆಂಚಿನಲ್ಲಿ ಕೂರುವವಳು. ವಿಜಾಪುರದ ಕಡೆಯ ಭೀಮಮ್ಮ ಧಣಿಯ ಹೋಟೆಲಿಗೆ ಜೋಳದ ರೊಟ್ಟಿ ಬಡಿದು ಕೊಡುತ್ತಿದ್ದಳು.

ಪ್ರಫುಲ್ಲಾ ಸೊಸೈಟಿ ಅಪಾರ್ಟ್‌ಮೆಂಟುಗಳಲ್ಲಿ ನಾಲ್ಕು ಮನೆಗೆ ಅಡುಗೆಗೆ ಹೋಗುತ್ತಿದ್ದಳು. ಒಂದು ಮನೆಗೆ ಬೆಳ್ಳುಳ್ಳಿ ಬೇಡ, ಒಂದು ಮನೆಗೆ ತೆಂಗಿನಕಾಯಿ ಬೇಡ, ಒಂದು ಮನೆಗೆ ಖಾರವೇ ಬೇಡ. ನಾಲ್ಕು ಮನೆಯ ನಾಲ್ಕು ನಾಲಿಗೆಗೆ ಅವಳ ಎರಡು ಕೈ. ಆ ಕೈಗೂ ತನ್ನದೊಂದು ರುಚಿ ಇದೆಯೇ ಎಂದು ಇಷ್ಟು ವರ್ಷದಲ್ಲಿ ಯಾರೂ ಕೇಳಿದವರಲ್ಲ. ಈಗ ಧಣಿ ಹೇಳಿದ್ದರು, ಜನಕ್ಕೆ ನಿನ್ನ ಕೈ ಗೊತ್ತಾಗಬೇಕು ಎಂದು. ಆ ಮಾತು ಅವಳನ್ನು ಹಿಡಿದುಬಿಟ್ಟಿತು. ಚಪಾತಿ ಲಟ್ಟಿಸುವಾಗ, ಲೋಕಲ್ ರೈಲಿನ ಬಾಗಿಲಲ್ಲಿ ಜೋತಾಡುವಾಗ, ಅವಳಿಗೆ ಗಾಡಿಯ ಕಿಟಕಿಯೇ ಕಾಣುತ್ತಿತ್ತು. ಕಿಟಕಿಯಲ್ಲಿ ತಾನು.

ಲೀಲಾಧರ ಮಾತ್ರ ಹಿಗ್ಗಲಿಲ್ಲ. "ನನ್ನನ್ನು ಮುಖ್ಯ ಭಟ್ಟ ಮಾಡ್ತೇನೆ ಅಂತ ಹೇಳಿ ಏಳು ವರ್ಷ ಆಯ್ತು. ಯಾರಿಗೂ ಹೇಳಬೇಡ ಅಂದಿದ್ರು. ನಾನು ಇವತ್ತಿಗೂ ಹೇಳ್ಲಿಲ್ಲ. ಅವರೂ ಮಾಡ್ಲಿಲ್ಲ."

"ನಿಮ್ಮದು ಹೋಟೆಲಿನ ವಿಷಯ. ಇದು ಸಂಘದ್ದು."

"ಸಂಘ ಯಾರದ್ದು?"

ಅವಳು ಚೀಲ ಎತ್ತಿಕೊಂಡಳು. ಎಲೆ ತರಲು ಹೊರಟಳು.

ಮೂರು ದಿನದ ರಜೆ ಕೇಳಿದಳು. ಮೂರು ಮನೆಯವರು ಮುಖ ಗಂಟಿಕ್ಕಿ ಒಪ್ಪಿದರು. ನಾಲ್ಕನೆಯ ಮನೆಯ ಒಡತಿ ಮೊಬೈಲಿನಿಂದ ಕಣ್ಣೆತ್ತದೆ, "ಮಗ ಉದ್ಯಾಪಾಸೂನ್ ಯೇಊಚ್ ನಕೋ," ಎಂದಳು. ಹಾಗಾದರೆ ನಾಳೆಯಿಂದ ಬರಲೇಬೇಡ. ಆರು ವರ್ಷ ಅವಳ ಅಡುಗೆ ಉಂಡ ಮನೆ ಅಷ್ಟೇ ಮಾತಿನಲ್ಲಿ ಬಾಗಿಲು ಹಾಕಿಕೊಂಡಿತು. ಪ್ರಫುಲ್ಲಾ ಮೆಟ್ಟಿಲಿಳಿಯುತ್ತ ತನಗೇ ಹೇಳಿಕೊಂಡಳು: ಇರಲಿ, ಗಾಡಿ ಉಂಟಲ್ಲ.

ಕೆಸುವಿನ ಎಲೆಯ ನಾರು ತೆಗೆಯುವುದೆಂದರೆ ಕೈಗೆ ತುರಿಕೆ. ಹುಣಸೆಹುಳಿ ಎಷ್ಟು ಸವರಿದರೂ ಬಿಡುವುದಿಲ್ಲ. ಅಕ್ಕಿ, ಮೆಣಸು, ಕೊತ್ತಂಬರಿ, ಕಾಯಿ, ಹುಳಿ ಎಲ್ಲ ಸಣ್ಣ ಮಿಕ್ಸಿಯಲ್ಲಿ ರುಬ್ಬಿ ರುಬ್ಬಿ ಅದರ ಮೋಟಾರು ಸುಟ್ಟ ವಾಸನೆ ಬಿಟ್ಟಿತು. ಎಲೆಯ ಮೇಲೆ ಹಿಟ್ಟು, ಹಿಟ್ಟಿನ ಮೇಲೆ ಎಲೆ, ಮಡಚಿ ಸುತ್ತಿ ಹಬೆಗೆ. ಹತ್ತಡಿ ಕೋಣೆಯ ಗೋಡೆ ಬೆವರಿತು. ಪೂಜಿತಾ ಶಾಲೆಯಿಂದ ಬಂದವಳು ತಾಯಿಯ ಕೆಂಪಾದ ಬೆರಳುಗಳಿಗೆ ತೆಂಗಿನೆಣ್ಣೆ ಹಚ್ಚಿದಳು, ಒಂದೊಂದಕ್ಕೂ ಊದಿ ಊದಿ.

ಗೋಡೆಯಾಚೆ ಭೀಮಮ್ಮನ ಕೋಣೆಯಲ್ಲಿ ಮೂರು ದಿನವೂ ಪಟಪಟ ರೊಟ್ಟಿ ಬಡಿಯುವ ಸದ್ದು. ಹೋಟೆಲಿಗೆ ದೊಡ್ಡ ಆರ್ಡರು ಇರಬೇಕು ಅಂದುಕೊಂಡಳು ಪ್ರಫುಲ್ಲಾ. ಕೇಳಲು ಹೋಗಲಿಲ್ಲ. ಕೇಳಿದರೆ ತಾನೂ ಹೇಳಬೇಕಾಗುತ್ತದೆ.

ಭಾನುವಾರ ಹತ್ತು ಗಂಟೆಗೆ ಮೈದಾನ ತುಂಬಿತ್ತು. ಮುಂದಿನ ಗೇಟಿನಲ್ಲಿ ಬಾಳೆಕಂಬ, ಬಲೂನು. ಪ್ರಫುಲ್ಲಾ ಪಾತ್ರೆ ಹೊತ್ತು ಅಲ್ಲಿಗೆ ಹೋದರೆ ಬ್ಯಾಜು ಹಾಕಿದವನೊಬ್ಬ ಅಡ್ಡ ನಿಂತ. "ಏ ಅಮ್ಮ, ಇದು ಗೆಸ್ಟ್‌ಗಳಿಗೆ. ಅಡುಗೆಯವರು ಹಿಂದಿನಿಂದ."

ಹಿಂದಿನ ಗೇಟಿನ ಪಕ್ಕ ಎಂಜಲು ತಟ್ಟೆಯ ಡಬ್ಬ. ಅಲ್ಲಿಂದ ಒಳಗೆ ಹೋದರೆ ಭೀಮಮ್ಮ ಕೂತಿದ್ದಳು, ದೊಡ್ಡ ಬುಟ್ಟಿ ತುಂಬ ರೊಟ್ಟಿ ಇಟ್ಟುಕೊಂಡು. ಅವಳಾಚೆ ನೀರುದೋಸೆಯ ಜಯಲತಾ. ಇನ್ನಿಬ್ಬರು ಹೆಂಗಸರು. ಎಲ್ಲರ ಬಳಿಯೂ ಮದುವೆಮನೆಗಾಗುವಷ್ಟು. ಮೂವತ್ತು ಸಾಕು ಅಂದರೂ ಪಾಪ ಆಸೆಗೆ ಬಿದ್ದು ಇಷ್ಟೊಂದು ಮಾಡಿದ್ದಾರೆ, ಸೋತರೆ ಹೇಗೆ ಸಹಿಸಿಯಾರು ಎಂದು ಪ್ರಫುಲ್ಲಾಳಿಗೆ ಕನಿಕರವಾಯಿತು.

ಭೀಮಮ್ಮನೂ ಅವಳನ್ನು ಅದೇ ಕನಿಕರದಿಂದ ನೋಡುತ್ತಿದ್ದಳು. "ಭಾಳ ಮಾಡೀಯಲ್ಲವಾ. ಕೈ ನೋಡು, ಹೆಂಗ್ ಕೆಂಪಾಗ್ಯಾವ. ಗೆಲ್ಲೂದು ಸೋಲೂದು ಇದ್ದದ್ದ. ಮನಸಿಗೆ ಹಚ್ಕೋಬ್ಯಾಡ."

"ನೀವೂ ಅಷ್ಟೇ ಭೀಮಮ್ಮ. ಬೇಜಾರು ಮಾಡ್ಕೊಳ್ಳಬೇಡಿ."

ಬ್ಯಾಜಿನವರು ಬಂದರು. ಸ್ಪರ್ಧೆಯ ಮೇಜಿನ ಮೇಲೆ ಒಬ್ಬೊಬ್ಬರದೂ ಐದೈದು ತುಂಡು ಇಡಿಸಿದರು. ಉಳಿದದ್ದನ್ನೆಲ್ಲ ಪಾತ್ರೆಯ ಸಮೇತ ಎತ್ತಿಕೊಂಡು ಹೋದರು. ಸ್ವಲ್ಪ ಹೊತ್ತಿಗೆ ಕೆಂಪು ಬಣ್ಣದ ಗಾಡಿಯ ಮುಂದೆ ಸಾಲು ಹನುಮಂತನ ಬಾಲದಷ್ಟು ಬೆಳೆಯಿತು. ಗಾಡಿಯ ಮೈಮೇಲೆ 'ಊರಮನೆ ಅಮ್ಮನ ಕೈರುಚಿ' ಎಂದು ಬರೆದಿತ್ತು. ಕಿಟಕಿಯಲ್ಲಿ ಟೋಪಿ ಹಾಕಿಕೊಂಡು ಧಣಿಯ ಅಳಿಯ ಪೃಥ್ವಿರಾಜ್ ದುಡ್ಡಿನ ಕೂಪನ್ನು ಇಸಿದುಕೊಂಡು ಪತ್ರೊಡೆ, ರೊಟ್ಟಿ ಕೊಡುತ್ತ ನಿಂತಿದ್ದ.

ಒಂದು ಗಂಟೆಗೆ ಪೂಜಿತಾಳಿಗೆ ಹಸಿವಾಯಿತು. ಗಾಡಿಯ ಬಳಿ ಹೋದಳು.

"ಕೂಪನ್ ಕಿಧರ್ ಹೈ?"

"ಇದು ನನ್ನ ಮಮ್ಮಿ ಮಾಡಿದ್ದು ಅಂಕಲ್."

"ಹಾಗಾದರೆ ಮನೆಗೆ ಹೋಗಿ ತಿನ್ನು. ಲೈನು ಬಿಡು, ಜನ ಕಾಯ್ತಿದ್ದಾರೆ."

ಸಾಲಿನಲ್ಲಿ ಯಾರೋ ನಕ್ಕರು. ಮಗು ಹಿಂದಿರುಗಿ ಬಂದಾಗ ಜೊತೆಯಲ್ಲಿ ನಿಕಿತಾ ಇದ್ದಳು. ಇಬ್ಬರೂ ಪೆಂಡಾಲಿನ ಕಂಬದ ಹಿಂದೆ ನಿಂತು ಬಹಳ ಹೊತ್ತು ಪಿಸುಗುಟ್ಟಿದರು. ಆಮೇಲೆ ಪೂಜಿತಾ ತಾಯಿಯ ಸೆರಗು ಜಗ್ಗಿದಳು.

"ಮಮ್ಮೀ, ಏಕ್ ಬಾತ್ ಕೇಳ್ಬೇಕು. ನಿಕಿತಾಳ ಅಜ್ಜಿಗೆ..."

"ಶ್. ಆಮೇಲೆ. ಸ್ಟೇಜಿಗೆ ಕರೀತಿದ್ದಾರೆ."

ಧಣಿ ಮೈಕು ಹಿಡಿದರು. "ತಾಯಂದಿರ ಕೈ ಅಂದರೆ ಅನ್ನಪೂರ್ಣೆಯ ಕೈ. ಒಬ್ಬರಿಗಿಂತ ಒಬ್ಬರು ಮೇಲು. ಹಾಗಾಗಿ ಈ ವರ್ಷ ಐವರೂ ಗೆದ್ದ ಹಾಗೆ. ಗಾಡಿಯನ್ನು ಸದ್ಯಕ್ಕೆ ನಮ್ಮ ಪೃಥ್ವಿರಾಜ್ ನೋಡಿಕೊಳ್ಳುತ್ತಾನೆ. ಹುಡುಗ ಹೋಟೆಲ್ ಮ್ಯಾನೇಜ್‌ಮೆಂಟ್ ಓದಿದ್ದಾನೆ."

ಚಪ್ಪಾಳೆ ಬಿತ್ತು. ಪ್ರಫುಲ್ಲಾಳ ಕಿವಿಗೆ ಅದು ಗೋಡೆಯಾಚೆಯ ಸದ್ದಿನಂತೆ ಕೇಳಿಸಿತು. ಐವರನ್ನೂ ಮೇಲೆ ಸಾಲಾಗಿ ನಿಲ್ಲಿಸಿದರು. ಧಣಿ ಪ್ರಮಾಣಪತ್ರ ಕೊಡುತ್ತ, ಫೋಟೋದವನ ಕಡೆ ನಗುತ್ತ, ತುಟಿ ಅಲ್ಲಾಡಿಸದೆ ಅವಳ ಕಿವಿಯಲ್ಲಿ ಹೇಳಿದರು: "ಕಮಿಟಿಯವರು ಬಿಡಲಿಲ್ಲ. ಮುಂದಿನ ವರ್ಷ ಗಾಡಿ ನಿನಗೇ. ಯಾರಿಗೂ ಹೇಳಬೇಡ."

ಅವಳ ತಲೆ ತಾನಾಗಿಯೇ ಅಲ್ಲಾಡಿತು, ಆಯ್ತು ಎಂಬಂತೆ. ಹದಿನಾರು ವರ್ಷದ ರೂಢಿ.

ಧಣಿ ಭೀಮಮ್ಮನ ಕಡೆ ಸರಿದರು. ಕಿವಿಗೆ ಬಾಗಿದರು. ಭೀಮಮ್ಮನ ತಲೆ ಅಲ್ಲಾಡಿತು, ಹಾಗೆಯೇ. ಜಯಲತಾಳ ಕಡೆ ಬಾಗಿದರು. ಅವಳ ತಲೆಯೂ. ನಾಲ್ಕನೆಯವಳು. ಐದನೆಯವಳು.

ಪ್ರಫುಲ್ಲಾಳಿಗೆ ಕೈತಪ್ಪಿದ ನಾಲ್ಕನೆಯ ಮನೆ ನೆನಪಾಯಿತು, ಸುಟ್ಟ ಮಿಕ್ಸಿ ನೆನಪಾಯಿತು. ಬಾಯಿ ತೆರೆದರೆ ನಾಳೆ ಲೀಲಾಧರ ದೋಸೆಕಲ್ಲಿನ ಮುಂದೆ ಇರುವುದಿಲ್ಲ ಎಂಬುದೂ ನೆನಪಾಯಿತು. ಅವಳು ಪ್ರಮಾಣಪತ್ರವನ್ನು ಸುರುಳಿ ಸುತ್ತಿದಳು.

ಪೂಜಿತಾ ಮೆಟ್ಟಿಲು ಹತ್ತಿ ಬಂದಿದ್ದಳು. ಧಣಿ ಮಕ್ಕಳ ಮೇಲಿನ ಪ್ರೀತಿ ತೋರಿಸಲು ಅವಳ ತಲೆ ಸವರಿ ಮೈಕು ಕೆಳಗಿಳಿಸಿದರು. "ಹೇಳು ಪುಟ್ಟಿ, ಅಮ್ಮ ಗೆದ್ದದ್ದು ಖುಷಿಯಾಯ್ತಾ?"

ಪ್ರಫುಲ್ಲಾಳ ಕೈ ಮಗಳ ಬಾಯಿಯ ಕಡೆ ಹೊರಟಿತು. ಅರ್ಧ ದಾರಿಯಲ್ಲಿ ನಿಂತಿತು. ಆ ಕೈಯನ್ನು ಅವಳು ಮಗಳ ಹೆಗಲ ಮೇಲಿಟ್ಟಳು.

"ಆಗ ಕೇಳ್ಬೇಕು ಅಂದೆಯಲ್ಲ, ಇವರ ಹತ್ರವೇ ಕೇಳು ಮಗಾ," ಅಂದಳು.

ಪೂಜಿತಾ ಮೈಕನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು.

"ಅಂಕಲ್, ಗಾಡಿ ನಿನಗೇ ಅಂತ ನಮ್ಮ ಮಮ್ಮಿಗೆ ಹೇಳಿದ್ರಿ. ನಿಕಿತಾಳ ಅಜ್ಜಿಯನ್ನ ಹೋಟೆಲಿಗೆ ಕರೆದು ಅವ್ರಿಗೂ ಅದೇ ಹೇಳಿದ್ರಂತೆ. ಈಗ ಎಲ್ಲರ ಕಿವಿಯಲ್ಲೂ ಏನು ಹೇಳಿದ್ರಿ? ಗಾಡಿ ಇರೋದು ಒಂದೇ ಅಲ್ವಾ?"