ಗೂಟ ಹಿಡಿಯಬೇಕಾದ ಮಗು

ಬಂಡ್ರಿಯ ಹೊಲದ ದಿಬ್ಬದ ಮೇಲೆ ಹಾಲೇಶನ ಹೊಸ ಯಂತ್ರ ತೆಳುವಾಗಿ, ಸ್ಪಷ್ಟವಾಗಿ ಕೂಗಿದ ದಿನವೇ ಅವನ ಹೆಂಡತಿ ತ್ರಿವೇಣಿಗೆ ಊಟ ಸೇರದಾಯಿತು. ಆ ಸದ್ದು ಕೇಳಿ ಗಂಡನ ಮುಖದಲ್ಲಿ ಮೂಡಿದ ನಗೆ ಅವಳನ್ನು ಹೆದರಿಸಿತ್ತು.

ಹಾಲೇಶ ಅದಿರಿನ ಲಾರಿ ಓಡಿಸಿ ದೊಡ್ಡವನಾದವನು. ಬೆಟ್ಟ ಕರಗಿಸಿ ಬಂದ ಹಣ ಸಾಲದೆಂದು, ಅರಸರ ಕಾಲದ ನಾಣ್ಯ ಹುಡುಕುವ ಯಂತ್ರವನ್ನು ಹೈದರಾಬಾದಿನಿಂದ ತರಿಸಿದ್ದ. ನೆಲದೊಳಗಿನ ಹಳೆಯ ವಸ್ತು ನಾಡಿನ ಸೊತ್ತೆಂಬುದನ್ನು ಶಾಲೆಯ ಮಕ್ಕಳೂ ಬಲ್ಲರು, ಅವನೂ ಬಲ್ಲ. ಬಲ್ಲವನು ಮಾಡುವ ಕಳ್ಳತನಕ್ಕೆ ಅಜ್ಞಾನದ ನೆಪವೂ ಇರುವುದಿಲ್ಲ. ಮೊದಲು ಹಂಪಿಯ ಆಚೆ ಬಾಳೆತೋಟಗಳ ಬದುಗಳಲ್ಲಿ ಅದನ್ನು ಆಡಿಸಿ ಒಂದು ತಾಮ್ರದ ಕಾಸು, ಒಂದು ಮುರಿದ ಲಾಳ ತಂದ. ಸಂಡೂರಿನ ಕೆಂಪು ನೆಲದಲ್ಲಿ ಯಂತ್ರ ಎಲ್ಲೆಡೆಯೂ ಅರಚುತ್ತಿತ್ತು. ಕಬ್ಬಿಣಕ್ಕೆ ಕಿವುಡಾಗುವಂತೆ ಅದರ ಗುಂಡಿ ತಿರುಗಿಸುವುದನ್ನು ಕಲಿತ. ಕಿವುಡು ಮಾಡಿದ ಮೇಲೂ ದಿಬ್ಬದಲ್ಲಿ ಸದ್ದು ಬಂದದ್ದರಿಂದ, ಒಳಗಿರುವುದು ಬೆಳ್ಳಿಯೋ ಬಂಗಾರವೋ ಎಂದು ನಿಶ್ಚಯಿಸಿದ.

ಕಂಪ್ಲಿಯಿಂದ ಕೊಟ್ರಯ್ಯ ಬಂದ. ನಿಧಿ ತೆಗೆಸುವುದರಲ್ಲಿ ಹೆಸರಾದ ಆ ಮನುಷ್ಯ, ನಿಧಿಯು ನೆಲದೊಳಗೆ ಸರಿದು ಹೋಗುತ್ತದೆ ಎಂದ. ಅಗೆಯುವ ಮುನ್ನ ಸದ್ದು ಬಂದ ಜಾಗದಲ್ಲೇ ಕಬ್ಬಿಣದ ಗೂಟ ಹೊಡೆದು ಅದನ್ನು ಕಟ್ಟಬೇಕು. ಗೂಟವನ್ನು ಮನೆಯ ಚೊಚ್ಚಲ ಕೂಸು ಎರಡೂ ಕೈಯಿಂದ ಹಿಡಿಯಬೇಕು, ಯಜಮಾನ ಸುತ್ತಿಗೆ ಹಾಕಬೇಕು. ಚೊಚ್ಚಲ ಕೂಸೆಂದರೆ ಸೌಜನ್ಯ, ಮೂರನೆಯ ತರಗತಿಯ ಹುಡುಗಿ.

ಗೂಟ ಹೊಡೆಯುವ ಬೆಳಿಗ್ಗೆ ಹಾಲೇಶ ಶಾಲೆ ಬಿಡಿಸಿ ಮಗಳನ್ನು ಹೊಲಕ್ಕೆ ಕರೆದೊಯ್ಯುವಾಗ ತ್ರಿವೇಣಿ ತಡೆದಳು. ತಾನು ಮದುವೆಯಾಗಿ ಬಂದಾಗ ಅಲ್ಲಿ ದಿಬ್ಬವೇ ಇರಲಿಲ್ಲ, ಜೋಳ ಬೆಳೆಯುತ್ತಿತ್ತು ಎಂದಳು. ಅದು ನಿಜವಾಗಿತ್ತು. ಗಣಿಯಲ್ಲಿ ಬೇಡವಾದ ಮಣ್ಣನ್ನು ದೂರ ಒಯ್ಯುವ ಡೀಸೆಲ್ ಉಳಿಸಲು ಹಾಲೇಶನ ಲಾರಿಗಳೇ ಅಲ್ಲಿ ಸುರಿದಿದ್ದವು. ಮೇಲೆ ಬಳ್ಳಾರಿ ಜಾಲಿ ಹಬ್ಬಿ, ಪಾಪ ಮುಚ್ಚಿಹೋಗಿತ್ತು.

“ಮಣ್ಣು ಮ್ಯಾಲ ಬಿದ್ದದ್ದು, ನಿಧಿ ಕೆಳಗಿಂದು,” ಎಂದು ಹಾಲೇಶ ನಕ್ಕ. “ನೀ ಹೋಗಿ ರೊಟ್ಟಿ ಬಡಿ.”

ಅವಳು ರೊಟ್ಟಿ ಬಡಿಯುತ್ತ ಯೋಚಿಸಿದಳು. ಯಂತ್ರ ತಂದುಕೊಟ್ಟವನು ಚಹಾ ಕುಡಿಯುತ್ತ ಹೇಳಿದ್ದ: ನಾಣ್ಯದಂಥ ಸಣ್ಣ ವಸ್ತು ಮೊಳದಾಳಕ್ಕಿಂತ ಕೆಳಗಿದ್ದರೆ ಇದಕ್ಕೆ ತಿಳಿಯದು. ದಿಬ್ಬವೋ ಆಳೆತ್ತರ. ಹಾಗಾದರೆ ಕೂಗುವ ವಸ್ತು ಗಣಿಯ ಮಣ್ಣಿನೊಳಗೇ ಇದೆ. ಗಣಿಯ ಮಣ್ಣಿನಲ್ಲಿ, ಕಬ್ಬಿಣವಲ್ಲದ್ದು, ನಾಣ್ಯದಷ್ಟು ಸಣ್ಣದು ಏನಿದ್ದೀತು? ನೆರೆಮನೆಯ ಹೊನ್ನೂರಮ್ಮನ ಗಂಡ ನೆನಪಾದ. ಬಂಡೆ ಸಿಡಿಸುವ ಮದ್ದಿಗೆ ಕಿಡಿ ಕೊಡುವ ಕಿರುಬೆರಳಿನಂಥ ಅಲ್ಯೂಮಿನಿಯಂ ಕೊಳವೆಗೆ ಕೇಪು ಎನ್ನುತ್ತಾರೆ. ಸಿಡಿಯದೆ ಉಳಿದ ಒಂದು ಕೇಪು ಮಣ್ಣಿನಲ್ಲಿ ಸಿಕ್ಕಾಗ ಆತ ಗುಜರಿಗೆ ಹಾಕಲೆಂದು ಕಲ್ಲಿನಿಂದ ಜಜ್ಜಿದ್ದ. ಈಗ ಅವನಿಗೆ ಹೆಂಡತಿ ಅನ್ನ ಕಲಸಿ ಬಾಯಿಗಿಡುತ್ತಾಳೆ.

ರೊಟ್ಟಿ ಹಂಚಿನ ಮೇಲೆಯೇ ಉಳಿಯಿತು. ತ್ರಿವೇಣಿ ಓಡಿದಳು.

ದಿಬ್ಬದ ಮೇಲೆ ಕುಂಕುಮ ಚೆಲ್ಲಿತ್ತು, ಕರ್ಪೂರ ಉರಿಯುತ್ತಿತ್ತು. ಸೌಜನ್ಯ ಕುಕ್ಕರುಗಾಲಲ್ಲಿ ಕುಳಿತು ಗೂಟ ಹಿಡಿದಿದ್ದಳು. ಹಾಲೇಶನ ಸುತ್ತಿಗೆ ಹೆಗಲ ಮೇಲಿತ್ತು. ಈಗ ಚೀರಿದರೆ ಅವನು ಬೆಚ್ಚಿ ಸುತ್ತಿಗೆ ಇಳಿದೀತೆಂದು ತ್ರಿವೇಣಿ ಉಸಿರು ನುಂಗಿಕೊಂಡಳು.

“ಅಯ್ಯನೋರ, ಕೂಸಿನ ಕೈ ನಡುಗಾಕತ್ತಾವ, ಗೂಟ ವಾರಿ ಆದೀತು,” ಎಂದಳು, ಆದಷ್ಟು ಮೆಲ್ಲಗೆ. “ನಾನೂ ನಮ್ಮವ್ವಗ ಚೊಚ್ಚಲ. ನಾ ಹಿಡೀತೀನಿ.”

“ಸೊಸಿ ಹೊರಗಿನಾಕಿ ಆಗ್ತಾಳಲ್ಲವ್ವ,” ಎಂದ ಕೊಟ್ರಯ್ಯ.

“ಹಂಗಾರ ನೀವ ಹಿಡೀರಿ.”

ಮಂತ್ರ ಹೇಳುವವನು ಕಬ್ಬಿಣ ಮುಟ್ಟಬಾರದೆಂದು ಕೊಟ್ರಯ್ಯ ಸಮಜಾಯಿಷಿ ಕೊಟ್ಟ. ಅಷ್ಟರಲ್ಲಿ ತ್ರಿವೇಣಿ ಮಗಳ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ, ಮನೆಗೆ ಹೋಗಿ ಆಡಿಕೊಳ್ಳಲು ಹೇಳಿ, ತಾನೇ ಗೂಟ ಹಿಡಿದು ಕುಳಿತಳು. ಹುಡುಗಿ ಜಾಲಿಯ ಮರೆಯಾಗುವವರೆಗೂ ಕಾದಳು.

“ಕೇಪು ಇರಬೌದು ರೀ ಒಳಗ. ನಿಮ್ಮ ಲಾರಿ ಮಣ್ಣದು,” ಎಂದಳು. “ಬಂಗಾರಾನ ಅಂತ ಖಾತ್ರಿ ಇದ್ರ ಹೊಡೀರಿ.”

ಗಣಿಯಲ್ಲಿ ಬದುಕಿದವನಿಗೆ ಆ ಮಾತನ್ನು ಬಿಡಿಸಿ ಹೇಳಬೇಕಾಗಿರಲಿಲ್ಲ. ಯಂತ್ರವನ್ನು ಕಬ್ಬಿಣಕ್ಕೆ ಕಿವುಡು ಮಾಡಿದವನು ತನ್ನ ಬುದ್ಧಿಯನ್ನೂ ಅಷ್ಟೇ ಜಾಣತನದಿಂದ ಕಿವುಡು ಮಾಡಿಕೊಂಡಿದ್ದ. ಅವನು ಕೊಟ್ರಯ್ಯನ ಕಡೆ ನೋಡಿದ. ಕೊಟ್ರಯ್ಯ ಆಗಲೇ ಹೊಲದ ಬದು ದಾಟಿ ನಿಂತಿದ್ದ.

ಹಾಲೇಶ ಸುತ್ತಿಗೆಯನ್ನು ದೂರದಲ್ಲಿ ಮೆಲ್ಲಗೆ ಇಳಿಸಿದ. ಗೂಟದ ಬುಡದ ಮಣ್ಣನ್ನು ಬೆರಳ ತುದಿಯಿಂದ ಸರಿಸಿದ. ಹಳದಿ ಬಣ್ಣದ ತೆಳು ತಂತಿಯೊಂದು ಮೊದಲು ಕಂಡಿತು. ಅದರ ಕೊನೆಯಲ್ಲಿ ಮಂಕಾದ ಕೊಳವೆ, ಗೂಟದ ಮೊನೆಗೆ ತಾಗುವಂತೆ ಅಡ್ಡ ಮಲಗಿತ್ತು.

ಇಬ್ಬರೂ ಹಿಂದೆ ಸರಿದರು. ಸರಿಯುವ ದಾರಿಯಾದರೂ ಸುರಕ್ಷಿತವೇ ಎಂದು ಹಾಲೇಶ ಯಂತ್ರವನ್ನು ಮುಂದಿಟ್ಟುಕೊಂಡು ನಡೆದ. ಎಡಕ್ಕೆ ಕೂಗಿತು. ಜಾಲಿಯ ಬುಡದಲ್ಲಿ ಕೂಗಿತು. ಅದು ತಂತಿಯ ಚೂರೋ ಇನ್ನೊಂದು ಕೇಪೋ ತಿಳಿಯದು. ದಿಬ್ಬದಿಂದ ನೆಲಕ್ಕೆ ಇಳಿದ ಮೇಲೆ ಅವನು ಫಕ್ಕನೆ ನಿಂತ.

“ಅಂಗಳಕ್ಕ ಹಾಕಿಸಿದ್ದೂ ಇದಾ ಮಣ್ಣು,” ಎಂದ.

ಹೋದ ದೀಪಾವಳಿಯಲ್ಲಿ ಲಾರಿ ನಿಲ್ಲಿಸಲು ಅಂಗಳ ಮಟ್ಟ ಮಾಡಿಸಿದ್ದ. ಮಗಳನ್ನು ತ್ರಿವೇಣಿ ಅಲ್ಲಿಗೇ ಕಳಿಸಿದ್ದಳು.

ಓಡಿ ಬಂದಾಗ ಸೌಜನ್ಯ ಅಂಗಳದ ನಡುವೆ ಕುಂಟಾಬಿಲ್ಲೆಯ ಮನೆ ಬರೆದು ಒಂಟಿಕಾಲಲ್ಲಿ ಕುಪ್ಪಳಿಸುತ್ತಿದ್ದಳು.

“ಅಲ್ಲೇ ನಿಂದ್ರವ್ವ,” ಎಂದಳು ತ್ರಿವೇಣಿ. “ಅಲುಗಾಡಬ್ಯಾಡ.”

ಆಟವೆಂದು ತಿಳಿದು ಹುಡುಗಿ ಎತ್ತಿದ ಕಾಲನ್ನು ಎತ್ತಿಯೇ ನಿಂತಳು. ಹಾಲೇಶ ಗೇಟಿನಿಂದ ಅವಳೆಡೆಗೆ ಗೇಣು ಗೇಣಾಗಿ ನೆಲ ಸವರುತ್ತ ನಡೆದ. ಕೈ ಚಾಚಿದರೆ ಸಿಗುವಷ್ಟು ಸಮೀಪಕ್ಕೆ ಬಂದಾಗ, ಕಲ್ಲಿನ ಬಿಲ್ಲೆ ಬಿದ್ದಿದ್ದ ಚೌಕದ ಮೇಲೆ, ಯಂತ್ರ ತೆಳುವಾಗಿ ಕೂಗಿತು.

“ಕಾಲು ಇಡ್ಲೇನಪ್ಪ?” ಎಂದು ಮಗಳು ಕೇಳಿದಳು.